ಬಿಚ್ಚುವ ಮುಂಚೆ ಇದನ್ನು ಓದು

ಪುಟ್ಟಾ,

ರೆಮಿಂಗ್ಟನ್ 870 ಪಂಪ್ ಬಂದೂಕು ಕೈಗೆ ಬಂತು, ರಜೆಯಲ್ಲಿ ಪೂರ್ತಿ ಬಿಚ್ಚಿ ಕ್ಲೀನ್ ಮಾಡುತ್ತೇನೆ ಅಂತ ಬರೆದಿದ್ದೀಯ. ಬಿಚ್ಚು, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಬೇಡ. ಬ್ಯಾರೆಲ್, ಪಂಪ್ ಮಾಡಲು ಹಿಂದೆ ಮುಂದೆ ಜಾರಿಸುವ ಮುಂದಿನ ಹಿಡಿ, ತೋಟಾದ ಹಿಂದೆ ಬ್ಯಾರೆಲ್ ಮುಚ್ಚುವ ಬೋಲ್ಟ್, ಟ್ರಿಗರ್ ಸೆಟ್, ಇಷ್ಟು ಹೊರಗೆ ಬಂದರೆ ಸಾಕು. ಟ್ರಿಗರ್ ಸೆಟ್ಟಿನ ಒಳಗಿನ ಸಣ್ಣ ಸ್ಪ್ರಿಂಗುಗಳಿಗೆ ಕೈ ಹಾಕಬೇಡ. ಅದು ಬಂದೂಕು ರಿಪೇರಿಯವರ ಕೆಲಸ.

ಮೊದಲು ಖಾಲಿ ಮಾಡು. ಬ್ಯಾರೆಲ್ ಯಾರೂ ಇಲ್ಲದ ಕಡೆ ಇರಲಿ, ಸೇಫ್ಟಿ ಹಾಕು, ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆ. ಚೇಂಬರ್ ಒಳಗೆ, ಅಂದರೆ ಹೊಡೆಯುವಾಗ ತೋಟಾ ಕೂರುವ ಬ್ಯಾರೆಲ್ಲಿನ ಹಿಂಬದಿಯಲ್ಲಿ, ಕಣ್ಣಲ್ಲೂ ನೋಡು, ಬೆರಳು ಹಾಕಿಯೂ ನೋಡು. ಬ್ಯಾರೆಲ್ ಕೆಳಗೆ ತೋಟಾ ತುಂಬಿಡುವ ಮ್ಯಾಗಜೀನ್ ಕೊಳವೆಯ ಬಾಯಿಯನ್ನೂ ಹಾಗೇ ನೋಡು, ಯಾಕೆಂದರೆ ಅಲ್ಲಿ ಒಂದೇ ಒಂದು ತೋಟಾ ಉಳಿದಿದ್ದರೂ ಚೇಂಬರ್ ಖಾಲಿ ಕಾಣುತ್ತದೆ, ಆಮೇಲೆ ಒಂದು ಸಲ ಪಂಪ್ ಮಾಡಿದ್ದೇ ತಡ ಅದು ಸೀದಾ ಚೇಂಬರಿಗೆ ಹೋಗಿ ಕೂರುತ್ತದೆ. ತೋಟಾಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬಂದು ಆಮೇಲೆ ಕೆಲಸ ಶುರು ಮಾಡು.

ಈಗ ಹಿಡಿಯನ್ನು ಅರ್ಧಕ್ಕೆ ತಂದು, ಮ್ಯಾಗಜೀನ್ ತುದಿಯ ಕ್ಯಾಪ್ ತಿರುಗಿಸಿ ತೆಗೆ. ಬ್ಯಾರೆಲ್ ಮುಂದಕ್ಕೆ ಎಳೆದರೆ ಬರುತ್ತದೆ. ಕೊಳವೆಯೊಳಗಿನ ಸ್ಪ್ರಿಂಗ್ ತೆಗೆಯುವುದಾದರೆ ಕನ್ನಡಕ ಹಾಕು, ಮುಖ ಪಕ್ಕಕ್ಕೆ ಇಟ್ಟುಕೋ. ಅದು ಒತ್ತಡದಲ್ಲಿರುತ್ತದೆ, ರಪ್ಪನೆ ಹಾರುತ್ತದೆ. ತೋಟಾ ತುಂಬುವ ಬಾಯಿಯೊಳಗೆ ಎಡಗಡೆಯ ಲ್ಯಾಚ್ (ತೋಟಾ ತಡೆದು ಹಿಡಿಯುವ ಕೊಂಡಿ) ಒತ್ತಿಕೊಂಡು ಹಿಡಿಯನ್ನು ಮುಂದಕ್ಕೆ ಜಾರಿಸು, ಬೋಲ್ಟ್ ಕೂಡ ಜೊತೆಗೇ ಬರುತ್ತದೆ. ಹಿಡಿಯಿಂದ ಹಿಂದಕ್ಕೆ ಚಾಚಿದ ಎರಡು ಪಟ್ಟಿಗಳ ತುದಿಯಲ್ಲಿ ಅದು ಸುಮ್ನೆ ಕೂತಿರುತ್ತದೆ, ಕೆಳಗೆ ಒಂದು ಕೈ ಇರಲಿ. ಬೀಳುವ ಮುಂಚೆ ಮೊಬೈಲಲ್ಲಿ ಒಂದು ಫೋಟೋ ತೆಗೆದುಕೋ, ಜೋಡಿಸುವಾಗ ಬೇಕಾಗುತ್ತದೆ.

ಟ್ರಿಗರ್ ಸೆಟ್ಟಿಗೆ ಎರಡು ಪಿನ್. ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಪಂಚಿನಿಂದ ತಳ್ಳು. ಸೆಟ್ ಹೊರಗೆ ಬಂದ ಮೇಲೆ ಟ್ರಿಗರ್ ಒತ್ತಲೇಬೇಡ. ಒಳಗಿನ ಹ್ಯಾಮರ್ (ತೋಟಾ ಸಿಡಿಯಲು ಬಡಿಯುವ ಭಾಗ) ಜೋರಾಗಿ ಬಡಿದು ಬಿಡಿಭಾಗ ಹಾಳಾಗುತ್ತದೆ, ಬೆರಳು ಅಡ್ಡ ಇದ್ದರೆ ಬೆರಳಿಗೂ ಪೆಟ್ಟಾಗುತ್ತದೆ.

ಕ್ಲೀನಿಂಗ್ ನಿನಗೆ ಗೊತ್ತಿದೆ. ಬ್ರಷ್ ಚೇಂಬರ್ ಕಡೆಯಿಂದ ಹೋಗಲಿ. ಎಣ್ಣೆ ತೆಳುವಾಗಿ ಸಾಕು, ಜಾಸ್ತಿ ಆದರೆ ಧೂಳು ಹಿಡಿದು ಅಂಟಾಗುತ್ತದೆ.

ಜೋಡಿಸುವಾಗಲೇ ಜನ ತಪ್ಪುವುದು. ಒಂದು ಮಾತು ಗಟ್ಟಿಯಾಗಿ ಇಟ್ಟುಕೋ: ಈ ಬಂದೂಕಿನಲ್ಲಿ ಬಲ ಹಾಕಿ ಕೂರಿಸುವ ಭಾಗ ಒಂದೂ ಇಲ್ಲ. ಬಲ ಬೇಕು ಅನಿಸಿತಾ, ಏನೋ ಅಡ್ಡ ಇದೆ. ನಿಲ್ಲಿಸು, ಹಿಂದಕ್ಕೆ ತೆಗೆ, ಮತ್ತೆ ನೋಡು. 870ರಲ್ಲಿ ಸಾಮಾನ್ಯವಾಗಿ ಅಡ್ಡ ಬರುವುದು ಆ ಲ್ಯಾಚುಗಳೇ. ಬೋಲ್ಟನ್ನು ಪಟ್ಟಿಗಳ ತುದಿಯಲ್ಲಿ ಫೋಟೋದಲ್ಲಿದ್ದ ಹಾಗೆ ಕೂರಿಸಿ ಒಳಗೆ ತಳ್ಳುವಾಗ ಮೊದಲು ಬಲಗಡೆಯ ಲ್ಯಾಚಿಗೆ ತಾಗಿ ನಿಲ್ಲುತ್ತದೆ, ಅದನ್ನು ಒತ್ತಿದರೆ ಮುಂದೆ ಹೋಗಿ ಎಡಗಡೆಯದಕ್ಕೆ ನಿಲ್ಲುತ್ತದೆ, ಅದನ್ನೂ ಒತ್ತು. ಇದು ಗೊತ್ತಿಲ್ಲದೆ ಸುತ್ತಿಗೆ ತೆಗೆದುಕೊಂಡವರು ಪಟ್ಟಿ ಬಗ್ಗಿಸಿಕೊಂಡಿದ್ದಾರೆ. ಟ್ರಿಗರ್ ಸೆಟ್ ಕೂರಿಸುವಾಗ ಹ್ಯಾಮರ್ ಹಿಂದಕ್ಕೆ ಎಳೆದು ನಿಂತಿರಬೇಕು. ತೂತುಗಳು ಸರಿಯಾಗಿ ಎದುರುಬದುರಾದರೆ ಪಿನ್ ತಾನಾಗಿ ಹೋಗುತ್ತದೆ.

ನಿನ್ನ ಗೆಳೆಯನ ಮಾಸ್‌ಬರ್ಗ್ 500 ಬಂದೂಕಿಗೆ ಇದೇ ಕ್ರಮ ಹಾಕಬೇಡ. ಅದರಲ್ಲಿ ಟ್ರಿಗರ್ ಸೆಟ್ ತೆಗೆದ ಕೂಡಲೇ ಎರಡೂ ಬದಿಯ ತೆಳ್ಳನೆ ತಗಡುಗಳು ಸಡಿಲವಾಗಿ ಕೆಳಗೆ ಬೀಳುತ್ತವೆ. ಯಾವುದು ಯಾವ ಕಡೆ ಅಂತ ಮೊದಲೇ ನೋಡಿಕೊಳ್ಳಬೇಕು.

ಬ್ಯಾರೆಲ್ ಹಾಕುವ ಮುಂಚೆ ಅದರೊಳಗೆ ಬೆಳಕು ಹಾಯಿಸಿ ನೋಡು. ಒರೆಸಿದ ಬಟ್ಟೆಯ ಚೂರು ಉಳಿದಿದ್ದರೂ ಹೊಡೆದಾಗ ಬ್ಯಾರೆಲ್ ಸೀಳಬಹುದು. ಕ್ಯಾಪ್ ಕೈಯಲ್ಲೇ ಬಿಗಿ ಮಾಡು.

ಎಲ್ಲಾ ಕೂತ ಮೇಲೆ, ತೋಟಾ ಇಲ್ಲದೆ, ಪರೀಕ್ಷೆ. ಪಂಪ್ ಮಾಡಿ ಮುಚ್ಚು. ಈಗ ಹಿಡಿ ಹಿಂದಕ್ಕೆ ಬರಬಾರದು, ಹಿಡಿ ಬಿಡಿಸುವ ಗುಂಡಿ (ಟ್ರಿಗರ್ ಹತ್ತಿರ ಇದೆ) ಒತ್ತಿದರೆ ಮಾತ್ರ ಬರಬೇಕು. ಸೇಫ್ಟಿ ಹಾಕಿ ಟ್ರಿಗರ್ ಒತ್ತಿದರೆ ಏನೂ ಆಗಬಾರದು. ಸೇಫ್ಟಿ ತೆಗೆದು ಒತ್ತಿದರೆ ಟಕ್ ಅನ್ನಬೇಕು, ಆಮೇಲೆ ಗುಂಡಿ ಒತ್ತದೆಯೇ ಹಿಡಿ ಹಿಂದಕ್ಕೆ ಬರಬೇಕು. ಡಮ್ಮಿ ತೋಟಾ ಇದ್ದರೆ ಅದನ್ನೂ ತುಂಬಿ, ಎಳೆದು, ಹೊರಗೆ ಹಾಕಿ ನೋಡು. ಇದರಲ್ಲಿ ಒಂದು ತಪ್ಪಿದರೂ ನಿಜವಾದ ತೋಟಾ ಹಾಕಬೇಡ. ಬಿಚ್ಚಿ ಇನ್ನೊಮ್ಮೆ ಜೋಡಿಸು, ಆಗಲೂ ಸರಿ ಬರಲಿಲ್ಲ ಅಂದರೆ ರಿಪೇರಿಯವರಿಗೆ ಕೊಡು, ನನಗೂ ಒಂದು ಫೋನ್ ಮಾಡು.

ನಿನ್ನ ಚಿಕ್ಕಪ್ಪ