ಮಗಳಿಗೊಂದು ಪತ್ರ: ಅಜ್ಜಯ್ಯನ ಬೈರಾಸು

ಪ್ರೀತಿಯ ಮಗಳೇ,

ಮಂಗಳೂರಿನ ಬಸ್ಸು ಹತ್ತುವ ಮುನ್ನ ನೀನು, ‘ಕಡಲನ್ನು ಬರಿದು ಮಾಡಿದವರೂ ನೀವೇ, ಮೀನಿಲ್ಲವೆಂದು ಗೋಳಾಡುವವರೂ ನೀವೇ’ ಎಂದೆ. ನಾನು ಉತ್ತರ ಕೊಡದೆ ಎದ್ದು ಒಳಗೆ ಹೋದೆ, ನಿನ್ನ ಚೀಲ ಹೊತ್ತು ನಿಲ್ದಾಣದವರೆಗೆ ಬಂದದ್ದು ನಿನ್ನ ಅಮ್ಮ. ಅದು ನನ್ನ ತಪ್ಪು.

ದಡದಿಂದ ಎಳೆಯುವ ಬಲೆಗಳಲ್ಲಿ ನೀನು ಸಣ್ಣ ಕೈರಂಪಣಿಯನ್ನು ನೋಡಿರುವೆ, ದೊಡ್ಡ ರಂಪಣಿಯನ್ನು ಕಂಡವಳಲ್ಲ. ದೋಣಿಯು ದಡದಿಂದ ಹೊರಟು ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತಾ ಮರಳಿ ದಡ ಸೇರಿದರೆ, ಎರಡೂ ತುದಿಯ ಹಗ್ಗಗಳನ್ನು ಹಿಡಿದು ಎಳೆಯಲು ಊರಿಗೆ ಊರೇ ಬೇಕಾಗುತ್ತಿತ್ತು. ಹಗ್ಗಕ್ಕೆ ಕೈ ಹಚ್ಚಿದ ಹುಡುಗರಿಗೂ ಒಂದಿಷ್ಟು ಬಂಗುಡೆ ಸಿಗದೆ ಇರುತ್ತಿರಲಿಲ್ಲ. ನನ್ನ ಮೊದಲ ಸಂಪಾದನೆ ಅದೇ.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ನಮ್ಮ ಕರಾವಳಿಗೆ ಬಂದವು. ಮೀನಿನ ಹಿಂಡು ದಡಕ್ಕೆ ಬರುವವರೆಗೆ ಅವು ಕಾಯಬೇಕಾಗಿರಲಿಲ್ಲ. ಕಡಲಲ್ಲೇ ಸುತ್ತುವರಿದು, ಬಲೆಯ ಅಡಿಯ ಬಳೆಗಳಲ್ಲಿ ಹಾಯುವ ಹಗ್ಗವನ್ನು ಎಳೆದರೆ ಇಡೀ ಬಲೆ ಚೀಲದಂತೆ ಮುಚ್ಚಿಕೊಳ್ಳುತ್ತಿತ್ತು. ಅಜ್ಜಯ್ಯ ಬೇಡವೆಂದರೂ ನಾನು ಸಾಲ ಮಾಡಿ ಅಂಥದ್ದೊಂದು ಬೋಟಿನಲ್ಲಿ ಪಾಲು ಹಾಕಿದೆ.

ಒಂದು ಬೆಳಿಗ್ಗೆ ನಮ್ಮ ಊರಿನ ಎದುರಿಗೇ ನೀರು ಕಪ್ಪಾಗಿ ಕಂಡಿತು, ಬಂಗುಡೆಯ ಹಿಂಡು. ನಾವು ಬಲೆ ಬಿಡುತ್ತಿದ್ದಾಗ, ಮರಳ ದಿಬ್ಬದ ಮೇಲೆ ಅಜ್ಜಯ್ಯ ಹೆಗಲ ವಸ್ತ್ರವನ್ನು, ಆ ಬೈರಾಸನ್ನು, ಬೀಸುತ್ತಿರುವುದನ್ನು ಕಂಡೆ. ಮೀನು ಕಂಡಾಗ ರಂಪಣಿಯವರನ್ನು ಕರೆಯಲು ಹಾಗೆ ಬೀಸುವುದು ವಾಡಿಕೆ. ಅವರು ಊರಿನವರನ್ನು ಕರೆಯುತ್ತಿದ್ದರೋ, ನನ್ನನ್ನು ತಡೆಯುತ್ತಿದ್ದರೋ ತಿಳಿಯಲಿಲ್ಲ. ಬಲೆ ಮುಚ್ಚಿಕೊಂಡ ಮೇಲೆ ಬೈರಾಸು ಕೆಳಗಿಳಿಯಿತು. ಆ ರಾತ್ರಿ ಊಟಕ್ಕೆ ಕುಳಿತಾಗ ಕೇಳಬಹುದಿತ್ತು. ಆಮೇಲೆ ಅವರು ಬದುಕಿದ್ದ ಹನ್ನೊಂದು ವರ್ಷಗಳಲ್ಲಿ ಯಾವ ದಿನವಾದರೂ ಕೇಳಬಹುದಿತ್ತು. ತಡೆಯುತ್ತಿದ್ದೆ ಎಂದರೆ ಏನು ಹೇಳುವುದೆಂದು ಹೆದರಿ ಕೇಳಲಿಲ್ಲ. ಊರಿನವರನ್ನು ಕರೆಯುತ್ತಿದ್ದೆ ಎಂದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎಂದು ಈಗೀಗ ಅನ್ನಿಸುತ್ತದೆ. ಕೆಲವೇ ವರ್ಷಗಳಲ್ಲಿ ರಂಪಣಿಗಳು ಚಪ್ಪರ ಸೇರಿದವು.

ಆದ್ದರಿಂದ ನಿನ್ನ ಮಾತು ಸುಳ್ಳೆನ್ನಲಾರೆ. ಆದರೆ ‘ನೀವು’ ಎನ್ನುವಾಗ ಎಚ್ಚರವಿರಲಿ. ಸಾಲ ಕೊಟ್ಟು ಹುರಿದುಂಬಿಸಿದವರು, ಪಾಲು ಹಾಕಿದ ನನ್ನಂಥವರು, ಹಗ್ಗ ಎಳೆಯುವ ಕೆಲಸವೇ ಇಲ್ಲದಾದವರು, ಬುಟ್ಟಿ ಹೊತ್ತು ಮನೆಮನೆಗೆ ನಡೆದ ನಿನ್ನ ಅಜ್ಜಿ, ಇವರೆಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡ. ನಮ್ಮ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ರಾಜ್ಯದ ಕಾನೂನು 1986ರಲ್ಲಿ ಬಂತು. ಈಗ ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ. ಆ ದಿನಗಳಲ್ಲಿ ಬಂದರಿಗೆ ಬಂದು ಬಲೆ ಹೆಣೆಯುವವರ ಪಕ್ಕ ಕುಳಿತು ಕೇಳು. ಪುಸ್ತಕ ಬಿಡಿಸಿಟ್ಟುಕೊಂಡು ಕೇಳಬೇಡ, ಅವರು ಮಾತು ನಿಲ್ಲಿಸುತ್ತಾರೆ. ನೋಡು, ಮತ್ತೆ ಪಾಠ ಹೇಳತೊಡಗಿದೆ.

ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು 1969ರಲ್ಲೇ ಆರಂಭವಾಗಿದ್ದರೂ ನಮ್ಮ ಮನೆಯಿಂದ ಅಲ್ಲಿಗೆ ಹೋದವಳು ನೀನೊಬ್ಬಳೇ. ಇದನ್ನು ಬಂದರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಅಟ್ಟದಲ್ಲಿ ಅಜ್ಜಯ್ಯನ ರಂಪಣಿಯ ಒಂದು ತುಂಡು ಉಳಿದಿದೆ. ಇಲಿ ಕಡಿದಿದೆ, ಬಲೆಯ ಕಣ್ಣುಗಳು ಹಾಗೆಯೇ ಇವೆ. ರಜೆಗೆ ಬರುವಾಗ ಅಳತೆಪಟ್ಟಿ ತಾ.

ನಿನ್ನ ಅಪ್ಪಯ್ಯ