ಅರ್ಧ ಕೊಂಕಣಿ, ಅರ್ಧ ಕನ್ನಡ

ಕಳೆದ ಶುಕ್ರವಾರ ರಾತ್ರಿ ನಮ್ಮ ಕಥೋಲಿಕ ದೇವಾಲಯದ ದೀಪ ಆರಿಸಿ ಬಾಗಿಲು ಹಾಕುವಾಗ ನಮ್ಮ ಮೊದಲ ಶುಕ್ರವಾರದ ಪ್ರಾರ್ಥನಾಕೂಟಕ್ಕೆ ವರ್ಷ ತುಂಬಿತ್ತು. ಹನ್ನೆರಡು ತಿಂಗಳು, ಹನ್ನೆರಡು ಸಂಜೆ. ಮೂರು ಸಂಜೆ ನಾನೇ ಇರಲಿಲ್ಲ. ನನ್ನ ಮನೆಯವರು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತು, ವಿವರ ಮತ್ತೆ ಬರೆಯುವುದಿಲ್ಲ. ಅವರು ಈಗ ಕೋಲು ಹಿಡಿದು ತೋಟದ ಗೇಟಿನವರೆಗೆ ನಡೆದು ಬರುತ್ತಾರೆ. ವಿಚಾರಿಸಿದ ಒಬ್ಬೊಬ್ಬರಿಗೂ ಆಗ ಉತ್ತರ ಕೊಡಲಾಗಲಿಲ್ಲ, ಆ ಬಾಕಿಯೂ ಈ ಬರಹದಲ್ಲಿ ಸೇರಿದೆ.

ನಮ್ಮದು ಚಿಕ್ಕಮಗಳೂರು ಧರ್ಮಕ್ಷೇತ್ರದ (ಡಯಾಸಿಸ್) ಸಣ್ಣ ಧರ್ಮಕೇಂದ್ರ, ಅಂದರೆ ಪ್ಯಾರಿಷ್. ಕೊಂಕಣಿಯವರು, ಕನ್ನಡದವರು, ಎಸ್ಟೇಟ್ ಲೈನುಗಳ ತಮಿಳು ಕುಟುಂಬಗಳು. ಯಾವ ಭಾಷೆಯ ಪೂಜೆಗೆ ಯಾವ ಹೊತ್ತು ಎಂಬ ತಕರಾರು ನನ್ನ ವಯಸ್ಸಿಗಿಂತ ಹಳೆಯದು. ಬಲಿಪೂಜೆಯ (ಮಾಸ್) ಹೊರಗೆ, ತಿಂಗಳಿಗೊಮ್ಮೆಯಾದರೂ ಎಲ್ಲರೂ ಒಟ್ಟಿಗೆ ಕೂತು ಬೇರೆ ಬೇರೆ ಬಗೆಯಲ್ಲಿ ಪ್ರಾರ್ಥಿಸಿ ನೋಡೋಣ ಎಂದದ್ದು ಫಾದರ್. ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು.

ಮೊದಲನೆಯದು ಮೌನ ಪ್ರಾರ್ಥನೆ. ಜೂನ್ ತಿಂಗಳ ಮಲೆನಾಡಿನಲ್ಲಿ ಮೌನ ಇಟ್ಟುಕೊಂಡ ನನ್ನ ಬುದ್ಧಿಗೆ ಏನು ಹೇಳಬೇಕು? ಹೆಂಚಿನ ಮೇಲೆ ಮಳೆ ಹೊಡೆದ ಹೊಡೆತಕ್ಕೆ ಪಕ್ಕದವರ ಕೆಮ್ಮೂ ಕೇಳಲಿಲ್ಲ. ಮುಂದಿನ ತಿಂಗಳು ಹುಡುಗರ ಒತ್ತಾಯಕ್ಕೆ ತೇಜೆ ಪ್ರಾರ್ಥನೆ. 1940ರಲ್ಲಿ ಬ್ರದರ್ ರೋಜರ್ ಫ್ರಾನ್ಸಿನ ತೇಜೆ ಎಂಬ ಹಳ್ಳಿಗೆ ಹೋಗಿ ನೆಲೆಸಿ ಕಟ್ಟಿದ ಸಮುದಾಯದ ರೀತಿ ಅದು: ನೆಲದ ಮೇಲೆ ಮೇಣದಬತ್ತಿ, ಒಂದೇ ಸಾಲಿನ ಹಾಡು, ಅದನ್ನೇ ಮತ್ತೆ ಮತ್ತೆ. ಹನ್ನೆರಡನೇ ಸಲಕ್ಕೆ ಹಿಂದಿನ ಬೆಂಚಿನ ಹಿರಿಯರೊಬ್ಬರು, "ಎರಡನೇ ಚರಣ ಯಾವಾಗ?" ಎಂದು ಕೇಳಿದರು. ಚಾಪೆ ಹಾಸಿ, ಎಣ್ಣೆಯ ದೀಪ ಹಚ್ಚಿ ಆರತಿ ಎತ್ತಿದ ಸಂಜೆ ಇಬ್ಬರು ಎದ್ದು ಹೋದರು. ಇದಕ್ಕೆಲ್ಲ ರೋಮ್ 1969ರಲ್ಲೇ ಒಪ್ಪಿಗೆ ಕೊಟ್ಟಿದೆ ಎಂದು ಫಾದರ್ ಆಮೇಲೆ ಅವರ ಮನೆಗೇ ಹೋಗಿ ಹೇಳಿ ಬಂದರು. ಒಬ್ಬರು ಮರಳಿದರು.

ಜಪಸರವನ್ನು, ಅಂದರೆ ಮಣಿ ಎಣಿಸುತ್ತ ಮಾತೆ ಮರಿಯಳಿಗೆ ಹೇಳುವ ರೋಸರಿ ಪ್ರಾರ್ಥನೆಯನ್ನು, ಅಕ್ಟೋಬರಿಗೆ ಇಟ್ಟಿದ್ದೆ. ಅದು ಜಪಸರದ ತಿಂಗಳು, ಬಿಡಲಾಗದು ಎಂಬ ಕಾರಣಕ್ಕಷ್ಟೇ. ಪಾಲನಾ ಸಮಿತಿಯ ಸಭೆಯಲ್ಲಿ ಅದನ್ನು ಗಿಳಿಪಾಠ ಎಂದವಳು ನಾನೇ. ಬಲಿಪೀಠಕ್ಕೆ ಹೂವು ಜೋಡಿಸುವ ಅಜ್ಜಿ ಆಗ ಅಲ್ಲೇ ಕೂತು ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುತ್ತಿದ್ದರು. ಕೈ ನಿಲ್ಲಲಿಲ್ಲ, ಮಾತೂ ಆಡಲಿಲ್ಲ.

ಅದೇ ತಿಂಗಳ ಕೊನೆಯ ವಾರದ ಆ ರಾತ್ರಿ, ಆಸ್ಪತ್ರೆಗೆ ಬಂದವರೆಲ್ಲ ಹನ್ನೊಂದರ ಹೊತ್ತಿಗೆ ಹೊರಟರು. ಅವರಿಗೂ ಮನೆ ಮಕ್ಕಳಿವೆ, ನನಗೇನೂ ಬೇಸರವಿಲ್ಲ. ಅಜ್ಜಿ ಮಾತ್ರ ಚಪ್ಪಲಿ ಬಿಟ್ಟು, ಐಸಿಯು ಎದುರಿನ ಕಬ್ಬಿಣದ ಬೆಂಚಿನ ಮೇಲೆ ಕಾಲು ಮಡಚಿ ಕೂತರು. "ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತೇನೆ," ಎಂದರು. ಸೆರಗಿನ ಗಂಟಿನಿಂದ ಜಪಸರ ತೆಗೆದರು. ಅದರ ಕೊಂಡಿ ಒಂದು ಕಡೆ ಕಡಿದಿತ್ತು, ಅಲ್ಲಿಗೆ ಹೂವು ಕಟ್ಟುವ ನಾರನ್ನೇ ಬಿಗಿದಿದ್ದರು.

ಜಪಸರದಲ್ಲಿ ದಿನಕ್ಕೊಂದು ಗುಂಪಿನಂತೆ ಧ್ಯಾನಿಸುವ ಯೇಸು, ಮರಿಯರ ಬಾಳಿನ ಘಟನೆಗಳಿಗೆ ರಹಸ್ಯಗಳು ಎನ್ನುತ್ತೇವೆ. ಅಂದು ಮಂಗಳವಾರ, ಲೆಕ್ಕಕ್ಕೆ ದುಃಖದ ರಹಸ್ಯಗಳ ದಿನ. ನಿಯಮದಲ್ಲಿ ಕೂದಲೆಳೆಯಷ್ಟೂ ತಪ್ಪದ ಹೆಂಗಸು ಸಂತೋಷದ ರಹಸ್ಯಗಳನ್ನು ಹಿಡಿದರು. "ನಮಾನ್ ಮರಿಯೆ" ಎಂದು, ಮಣಿಗೊಮ್ಮೆ ಹೇಳುವ ಮರಿಯಳ ವಂದನೆಯನ್ನು ತಮ್ಮ ಕೊಂಕಣಿಯಲ್ಲೇ ಶುರು ಮಾಡಿ, ಮೊದಲರ್ಧ ಮುಗಿಸಿ, ಉಳಿದರ್ಧ ನಾನು ಹೇಳಲೆಂದು ನಿಲ್ಲಿಸಿದರು. ಮೊದಲರ್ಧ ದೇವದೂತನೂ ಬಂಧು ಎಲಿಜಬೇತಳೂ ಮರಿಯಳಿಗೆ ಹೇಳಿದ ವಂದನೆ, ಲೂಕನ ಶುಭಸಂದೇಶದ್ದು. ಉತ್ತರಾರ್ಧ ಬೇಡಿಕೆ. ಅದರ ಕೊನೆಯಲ್ಲಿ ನಮ್ಮ ಮರಣದ ಗಳಿಗೆಯ ಮಾತು ಬರುತ್ತದೆ. ಆ ಬಾಗಿಲಿನ ಎದುರು ಕೂತು ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಕಾದು, ಅದನ್ನೂ ತಾವೇ ಹೇಳಿದರು. ಮುಂದಿನ ಮಣಿ. ಮತ್ತೆ ಕಾದರು, ಮತ್ತೆ ತಾವೇ ಹೇಳಿದರು.

ಹೀಗೆ ಒಂದೂ ಬಿಡದೆ ಐವತ್ತು ಮಣಿ. ಒಮ್ಮೆಯೂ ಹೇಳು ಎನ್ನಲಿಲ್ಲ. ಒಮ್ಮೆಯೂ ಕಾಯದೆ ಮುಂದೆ ಹೋಗಲಿಲ್ಲ.

ನಾನಾಗ ಪ್ರಾರ್ಥಿಸುತ್ತಿರಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ. ಪ್ರಾರ್ಥನೆಗಳ ಪಟ್ಟಿ ಮಾಡುವವಳು ನಾನು, ಅವನ ಮನೆಗೆ ಜನ ಸೇರಿಸುವವಳು ನಾನು, ನನಗೇ ಹೀಗೆಯೇ ಎಂದು ದೇವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಅಳುವೂ ಬರಲಿಲ್ಲ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅಜ್ಜಿ ಎರಡನೇ ಸುತ್ತು ಹಿಡಿದಿದ್ದರು. ಯಾವ ಮಣಿಯೋ, ಅವರು ನಿಲ್ಲಿಸಿದಾಗ ಉಳಿದರ್ಧ ನನ್ನ ಬಾಯಿಂದ ಬಂತು, ಕನ್ನಡದಲ್ಲಿ. ಅವರು ತಲೆ ಎತ್ತಿ ನೋಡಲೂ ಇಲ್ಲ. ಅರ್ಧ ಕೊಂಕಣಿ, ಅರ್ಧ ಕನ್ನಡ, ಮೊದಲ ಬಸ್ಸಿನ ಹೊತ್ತಿನವರೆಗೆ. ಆ ಬಸ್ಸಿಗೆ ಅವರು ಹೋಗಲಿಲ್ಲ.

ಫೆಬ್ರವರಿಯಲ್ಲಿ ನಾನು ಕೂಟಕ್ಕೆ ಮರಳಿದ ದಿನ ಸಂಜೆಯ ಪ್ರಾರ್ಥನೆ ಇತ್ತು, ಧರ್ಮಸಭೆ ದಿನದ ಹೊತ್ತುಹೊತ್ತಿಗೆ ಹೇಳುವ ಕೀರ್ತನೆಗಳ ಪ್ರಾರ್ಥನೆಯಲ್ಲಿ ಸಂಜೆಯದು. ಇದು ಗುರುಗಳಿಗೆ, ಸಿಸ್ಟರುಗಳಿಗೆ ಸೇರಿದ್ದೆಂದು ನಾವು ದೂರ ಇಟ್ಟದ್ದು. ಜನಸಾಮಾನ್ಯರೂ ಹೇಳಲಿ ಎಂದು ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹುರಿದುಂಬಿಸಿದೆ. ಎಡಬದಿಯವರು ಕೀರ್ತನೆಯ ಒಂದು ಚರಣ, ಬಲಬದಿಯವರು ಇನ್ನೊಂದು. ಎಡಬದಿ ಮುಗಿಸುವ ಮೊದಲೇ ಬಲಬದಿ ನುಗ್ಗುತ್ತಿತ್ತು. ಮೊದಲಾಗಿದ್ದರೆ ನಡುವೆ ನಿಲ್ಲಿಸಿ ತಿದ್ದುತ್ತಿದ್ದೆ. ಅಂದು ಸುಮ್ಮನೆ ಕೂತು ಕೇಳಿದೆ. ನನ್ನ ಸರದಿಯ ಚರಣ ಬಂದಾಗ ಕೊರಳು ಕಟ್ಟಿತು, ನನ್ನ ಬದಿಯ ಹದಿನೈದು ಮಂದಿ ಅದನ್ನು ದಾಟಿಸಿದರು.

ಫಾದರ್, ಸಿಸ್ಟರುಗಳು, ಎರಡನೇ ಚರಣವಿಲ್ಲದ ಹಾಡು ಹಾಡಿದ ಗಾನವೃಂದ, ರಕ್ತ ಕೊಟ್ಟ ಮೂವರು ಹುಡುಗರು, ತಿಂಗಳುಗಟ್ಟಲೆ ಗಂಜಿ ಕಳಿಸಿದ ಲೈನಿನ ಅಕ್ಕಂದಿರು, ಮೈಕ್ ಕೆಟ್ಟಾಗಲೆಲ್ಲ ಓಡಿ ಬಂದ ತಮ್ಮ, ನಿಮಗೆಲ್ಲ ಕೈಮುಗಿದು ವಂದನೆ. ನಿಮ್ಮೆಲ್ಲರಿಗೆ ಒಂದೇ ವಾಕ್ಯ ಆಯಿತು, ಬೇಸರಿಸಬೇಡಿ.

ಇನ್ನು ಮುಂದಿನ ವರ್ಷದ ಪಟ್ಟಿ. ಜಪಸರಕ್ಕೆ ಮೂರು ಸಂಜೆ ಇಟ್ಟಿದ್ದೇನೆ, ಅವರವರ ಭಾಷೆಯಲ್ಲೇ ಹೇಳಲಿ. ಪಟ್ಟಿ ತೋರಿಸಲು ಹೋದಾಗ ಅಜ್ಜಿ ಕನ್ನಡಕ ಹುಡುಕಿ, ಬೆರಳಿಟ್ಟು ಪೂರ್ತಿ ಓದಿದರು. ಜಪಸರದ ಬಗ್ಗೆ ಒಂದು ಮಾತೂ ಇಲ್ಲ. "ಆ ಸುಮ್ಮನೆ ಕೂರುವ ಪ್ರಾರ್ಥನೆಯನ್ನು ಐದು ನಿಮಿಷಕ್ಕೆ ಇಳಿಸು ಮಗಳೇ, ಮಂಡಿ ಹಿಡಿಯುತ್ತದೆ," ಎಂದರು. ಇಪ್ಪತ್ತು ಇದ್ದದ್ದನ್ನು ಹತ್ತು ಮಾಡಿದ್ದೇನೆ. ಚೌಕಾಸಿ ಇನ್ನೂ ನಡೆದಿದೆ.