ಪ್ರಿವ್ಯೂ ಬೇಕೆಂದು ರಕ್ಷಣೆಯನ್ನೇ ತೆಗೆದುಹಾಕದಿರೋಣ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನಿಂದ ಬಂದ ಭದ್ರತಾ ಅಪ್‌ಡೇಟ್‌ನ ನಂತರ, ಇಂಟರ್‌ನೆಟ್‌ನಿಂದ ಡೌನ್‌ಲೋಡ್ ಮಾಡಿದ ಫೈಲ್‌ಗಳ ಪ್ರಿವ್ಯೂ (ಫೈಲ್ ತೆರೆಯದೆಯೇ ಅದರ ಒಳಗಿರುವುದನ್ನು ಪಕ್ಕದಲ್ಲಿ ತೋರಿಸುವ ಸೌಲಭ್ಯ) ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣಿಸುತ್ತಿಲ್ಲ. ಅದನ್ನು ಮರಳಿ ಪಡೆಯಲು ಹಲವೆಡೆ ಹಿಡಿಯುತ್ತಿರುವ ಅಡ್ಡದಾರಿ ಅಪಾಯಕಾರಿಯಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಡಿಟಿಪಿ ಮತ್ತು ಆನ್‌ಲೈನ್ ಅರ್ಜಿಗಳ ಕೆಲಸ ಮಾಡುವ ನನ್ನಂಥವರಿಗೆ ಪ್ರಿವ್ಯೂ ತೀರಾ ಅಗತ್ಯ. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಕಳಿಸುವ ಪಹಣಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳು ಬರೀ ಅಂಕಿಗಳ ಹೆಸರು ಹೊತ್ತು ಡೌನ್‌ಲೋಡ್ಸ್ ಫೋಲ್ಡರಿಗೆ ಬಂದು ಬೀಳುತ್ತವೆ. ಆಲ್ಟ್ ಮತ್ತು ಪಿ ಕೀಗಳನ್ನು ಒಟ್ಟಿಗೆ ಒತ್ತಿ ಬಲಬದಿಯ ಪ್ರಿವ್ಯೂ ತೆರೆದಿಟ್ಟುಕೊಂಡರೆ, ಬಾಣದ ಕೀ ಒತ್ತುತ್ತ ಹೋದಂತೆ ಯಾವ ಫೈಲ್ ಯಾರದು, ಯಾವ ಪುಟ ಓರೆಯಾಗಿ ಸ್ಕ್ಯಾನ್ ಆಗಿದೆ ಎಂಬುದೆಲ್ಲ ಕ್ಷಣದಲ್ಲಿ ತಿಳಿಯುತ್ತಿತ್ತು. ಈಗ ಅದೇ ಜಾಗದಲ್ಲಿ, ಈ ಫೈಲ್‌ನಿಂದ ನಿಮ್ಮ ಕಂಪ್ಯೂಟರಿಗೆ ಹಾನಿಯಾಗಬಹುದು ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಕೌಂಟರಿನ ಆಚೆ ನಿಂತು ಅದನ್ನು ಓದಿದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗೇ ವೈರಸ್ ತಗುಲಿದೆಯೆಂದು ಗಾಬರಿಯಾಗುತ್ತಾರೆ.

ಪ್ರಿವ್ಯೂ ನೋಡಿದ ಮಾತ್ರಕ್ಕೆ ಫೈಲ್ ತೆರೆದಂತಾಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವದಲ್ಲಿ ಪಿಡಿಎಫ್, ವರ್ಡ್, ಎಚ್‌ಟಿಎಂಎಲ್ ಹೀಗೆ ಒಂದೊಂದು ಬಗೆಯ ಫೈಲಿಗೂ ಒಂದೊಂದು ಸಣ್ಣ ಪ್ರೋಗ್ರಾಂ ಇದ್ದು, ಅದು ಫೈಲಿನ ಒಳಗಿರುವುದನ್ನು ಓದಿಯೇ ನಮಗೆ ತೋರಿಸುತ್ತದೆ. ದುರುದ್ದೇಶದಿಂದ ತಯಾರಿಸಿದ ಫೈಲಿನಲ್ಲಿ ಹೊರಗಿನ ಯಾವುದೋ ಸರ್ವರಿನ ವಿಳಾಸ ಅಡಗಿದ್ದರೆ, ಪ್ರಿವ್ಯೂ ತೋರಿಸುವ ಹಂತದಲ್ಲೇ ವಿಂಡೋಸ್ ಆ ಸರ್ವರನ್ನು ಸಂಪರ್ಕಿಸಲು ಹೋಗಿ, ಪಾಸ್‌ವರ್ಡ್‌ನಿಂದ ತಯಾರಾದ ಎನ್‌ಟಿಎಲ್‌ಎಂ ಹ್ಯಾಶ್ ಎಂಬ ಗುರುತನ್ನು ಬಿಟ್ಟುಕೊಡಬಹುದು. ಪಾಸ್‌ವರ್ಡ್ ದುರ್ಬಲವಾಗಿದ್ದರೆ ಅದನ್ನು ಪತ್ತೆಹಚ್ಚಲು ವಂಚಕರಿಗೆ ಇಷ್ಟೇ ಸಾಕು. ನಾವು ಡಬಲ್ ಕ್ಲಿಕ್ ಮಾಡಬೇಕಾದ ಅಗತ್ಯವೂ ಇಲ್ಲ. ಆದ್ದರಿಂದ ಈ ದಾರಿ ಮುಚ್ಚಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಆದರೆ ಕೆಲವು ತಂತ್ರಜ್ಞರು, ಡೌನ್‌ಲೋಡ್ ಆದ ಫೈಲಿಗೆ ವಿಂಡೋಸ್ ಹಾಕುವ 'ಹೊರಗಿನಿಂದ ಬಂದದ್ದು' ಎಂಬ ಗುರುತೇ ಬೀಳದಂತೆ ಸೆಟ್ಟಿಂಗ್ ಬದಲಿಸಿ ಕೊಟ್ಟು ಹೋಗುತ್ತಿದ್ದಾರೆ. ಈ ಗುರುತು ನೋಡಿಯೇ ವಿಂಡೋಸ್ ಪ್ರಿವ್ಯೂ ತಡೆಯುವುದು. ವರ್ಡ್, ಎಕ್ಸೆಲ್ ಫೈಲ್‌ಗಳಲ್ಲಿ ಬರುವ ಮ್ಯಾಕ್ರೋಗಳನ್ನು (ಫೈಲಿನೊಳಗೇ ಅಡಗಿರುವ ಸಣ್ಣ ಪ್ರೋಗ್ರಾಂಗಳನ್ನು) ತಡೆಯುವುದಕ್ಕೂ ಇದೇ ಗುರುತು ಆಧಾರ ಎಂಬುದನ್ನು ಯಾರೂ ಹೇಳುವುದಿಲ್ಲ. ಪೆನ್‌ಡ್ರೈವ್‌ಗೆ ಹಾಕಿದ ಫೈಲಿನ ಪ್ರಿವ್ಯೂ ಸರಾಗವಾಗಿ ಕಾಣುವುದನ್ನು ನೋಡಿ ಅದು ಸುರಕ್ಷಿತವೆಂದು ತಿಳಿಯುವುದೂ ತಪ್ಪು. ಸಾಮಾನ್ಯ ಪೆನ್‌ಡ್ರೈವ್‌ಗಳ ಫ್ಯಾಟ್32 ಎಂಬ ಫೈಲ್ ಸಂಗ್ರಹ ವ್ಯವಸ್ಥೆಯಲ್ಲಿ ಆ ಗುರುತು ಉಳಿಯುವುದೇ ಇಲ್ಲ. ಕಳಿಸಿದವರು ಯಾರೆಂದು ಗೊತ್ತಿದ್ದರೆ, ಆ ಒಂದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿರುವ ಅನ್‌ಬ್ಲಾಕ್‌ಗೆ ಟಿಕ್ ಹಾಕಬಹುದು. ಪಿಡಿಎಫ್ ಆದರೆ ಬ್ರೌಸರಿನಲ್ಲೇ ತೆರೆದು ನೋಡುವುದು ಇನ್ನೂ ಮೇಲು.

ಮೈಕ್ರೋಸಾಫ್ಟ್ ಇಷ್ಟಕ್ಕೇ ನಿಲ್ಲಬಾರದು. ವಿಂಡೋಸ್‌ಗೆ ಬದಲಿಯಾಗಿ ಬಳಸುವ ಲಿನಕ್ಸ್‌ನ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲಿ ಫೈಲ್‌ಗಳ ಥಂಬ್‌ನೇಲ್ (ಪುಟ್ಟ ಚಿತ್ರ) ತಯಾರಿಸುವ ಪ್ರೋಗ್ರಾಂಗಳನ್ನು ಬಬಲ್‌ರ‍್ಯಾಪ್ ಎಂಬ ಸಾಧನದ ಮೂಲಕ ಪ್ರತ್ಯೇಕವಾಗಿಟ್ಟು, ಅವು ನೆಟ್‌ವರ್ಕ್ ಮುಟ್ಟದಂತೆ ತಡೆಯುವ ವ್ಯವಸ್ಥೆಯಿದೆ. ವಿಂಡೋಸ್‌ನ ಪ್ರಿವ್ಯೂಗೂ ಇಂಥದೇ ಬೇಲಿ ಹಾಕಿದರೆ ಅನುಕೂಲವೂ ಉಳಿಯುತ್ತದೆ, ಭದ್ರತೆಯೂ ಉಳಿಯುತ್ತದೆ. ಅಲ್ಲಿಯವರೆಗೆ, ಆ ಎಚ್ಚರಿಕೆಯ ಸಾಲು ಕನ್ನಡದಲ್ಲಿ, ಕಾರಣ ಸಹಿತ ಕಾಣುವಂತಾಗಲಿ. ನಾಗರಿಕ ಸೇವಾ ಕೇಂದ್ರಗಳ ಸಿಬ್ಬಂದಿಗೆ ಕಂಪ್ಯೂಟರ್ ತರಬೇತಿ ಕೊಡುವ ಇಲಾಖೆಗಳು, ನಂಬಿಕೆಯ ಫೈಲನ್ನು ಮಾತ್ರ ಒಂದೊಂದಾಗಿ ಅನ್‌ಬ್ಲಾಕ್ ಮಾಡುವ ಕ್ರಮವನ್ನು ಪಾಠದಲ್ಲಿ ಸೇರಿಸಬೇಕು. ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿಯೂ ಈ ಕ್ರಮವನ್ನು ಚಿತ್ರಸಹಿತ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಡಿಟಿಪಿ ಕೇಂದ್ರದ ನಿರ್ವಾಹಕ, ಹಾಸನ